ಬಟ್ಟೆ ಕಾಯುತ್ತ ಕೂತವನು, ನೀರಿಗಿಳಿದವರು

ನಮ್ಮೂರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ, ಎರೆಹೊಲಗಳ ಮಧ್ಯೆ ಇದೆ. ಹೊಳೆ ಇಲ್ಲ, ಕಾಲುವೆ ಇಲ್ಲ. ಗಂಗಾವತಿ ಕಡೆಯ ಹುಡುಗರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೇ ಈಜುಕೊಳ. ಕೊಪ್ಪಳದ ಪಕ್ಕ ಮುನಿರಾಬಾದಿನಲ್ಲಿ 1953ರಲ್ಲಿ ಅಣೆಕಟ್ಟು ಎದ್ದ ಮೇಲೆ ಅವರಿಗೆ ನೀರು ಮನೆ ಬಾಗಿಲಿಗೇ ಬಂದಿತ್ತು. ನಮಗೆ ಇದ್ದದ್ದು ಒಂದು ಬಾವಿ. ಈಜುವುದಕ್ಕೆ ನಮ್ಮ ಕಡೆ ‘ಈಸೋದು’ ಅಂತಾರೆ. ಬೇಸಿಗೆ ರಜೆ ಬಂತೆಂದರೆ ಈಸೋದೇ ಕೆಲಸ. ಮೊದಲ ವರ್ಷ ಬೆನ್ನಿಗೆ ಒಣ ಸೋರೆಬುರುಡೆ, ಅದು ಸಿಗದಿದ್ದರೆ ಖಾಲಿ ಎಣ್ಣೆ ಡಬ್ಬಿ. ಎರಡನೇ ವರ್ಷ ಅದನ್ನು ಬಿಚ್ಚಿ ದೊಡ್ಡವರು ಮೇಲಿನಿಂದ ತಳ್ಳುತ್ತಿದ್ದರು. ತೇಲಿದರೆ ಈಸು ಬಂತೆಂದು ಲೆಕ್ಕ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದ. ಪೋಲಿಯೊ ಬಂದು ಎಡಗಾಲು ಸಣ್ಣಗಾಗಿತ್ತು. ದಿನಾ ನಮ್ಮ ಜೊತೆ ಬಾವಿಗೆ ಬರುತ್ತಿದ್ದ. ಬಂದು ದಡದ ಕಲ್ಲಿನ ಮೇಲೆ ಕೂತು ನಮ್ಮ ಬಟ್ಟೆ ಕಾಯುತ್ತಿದ್ದ. ಅವನಿಗೆ ನೀರಿಗಿಳಿಯಬೇಡ ಎಂದು ಯಾರೂ ಹೇಳಿದವರಲ್ಲ. ‘ನೀ ಬಟ್ಟಿ ಕಾಯ್ಕೋತ ಕೂಡಪಾ’ ಎಂದಷ್ಟೇ ಹೇಳಿದ್ದೆವು, ಅದೂ ಪ್ರೀತಿಯಿಂದಲೇ. ಅವನು ಸುಮ್ಮನೆ ಕೂರುತ್ತಿರಲಿಲ್ಲ. ಯಾರು ಎಷ್ಟು ಹೊತ್ತು ಮುಳುಗಿದ್ದರು, ಯಾರು ತಳ ಮುಟ್ಟದೆಯೇ ಮುಟ್ಟಿದೆ ಎಂದು ಸುಳ್ಳು ಹೇಳಿದರು ಎಂಬುದನ್ನೆಲ್ಲ ಎಣಿಸಿ ತೀರ್ಪು ಕೊಡುತ್ತಿದ್ದ. ಅವನ ತೀರ್ಪಿಗೆ ಮರುಮಾತಿರಲಿಲ್ಲ.

ಈ ಹುಡುಗ ನನ್ನ ನೆನಪಿಗೆ ಮತ್ತೆ ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ ಪ್ಯಾರಾಲಿಂಪಿಕ್ಸ್ ನಡೆದಾಗ. ಬೆಂಗಳೂರಿನ ಶರತ್ ಗಾಯಕ್ವಾಡ್ ಎಂಬ ಈಜುಗಾರ ಅಲ್ಲಿಗೆ ಅರ್ಹತೆ ಪಡೆದಿದ್ದರು. ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿರಲಿಲ್ಲ. ಪತ್ರಿಕೆಗಳು ಎಂದಿನಂತೆ ‘ಛಲಗಾರ’ ‘ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕ’ ಎಂದು ಬರೆದವು. ನನ್ನ ಕಣ್ಣು ನಿಂತದ್ದು ಬೇರೆ ವಾಕ್ಯದ ಮೇಲೆ. ಒಂಬತ್ತರ ವಯಸ್ಸಿಗೆ ಅವರು ಈಜು ಕಲಿಯಲು ಹೋದದ್ದು ಛಲದಿಂದ ಅಲ್ಲ. ಅವರ ಶಾಲೆಯಲ್ಲಿ ಎಲ್ಲ ಮಕ್ಕಳೂ ಈಜು ತರಗತಿಗೆ ಹೋಗಬೇಕೆಂಬ ನಿಯಮವಿತ್ತು, ಅದಕ್ಕೆ ಹೋದರು. ಹೆತ್ತವರಿಗೆ ಮೊದಲು ಅಳುಕಿತ್ತಂತೆ. ಯಾವ ತಂದೆತಾಯಿಗೆ ಇರುವುದಿಲ್ಲ! ಆದರೆ ನಿಯಮ ನಿಯಮವೇ. ಆ ಹುಡುಗನಿಗೆ ‘ನೀನು ಕೂತ್ಕೋ’ ಎಂದು ಯಾರೂ ವಿನಾಯಿತಿ ಕೊಡಲಿಲ್ಲ.

ನಾನು ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಆ ಒಂದು ಸಂಗತಿಗಾಗಿ. ಚಾಂಪಿಯನ್ನರ ಕಥೆಯನ್ನು ನಾವು ಅವರ ಎದೆಗಾರಿಕೆಯಿಂದ ಶುರುಮಾಡುತ್ತೇವೆ. ಅದಕ್ಕೂ ಮೊದಲು ಒಂದು ದಿನ ಇರುತ್ತದೆ, ಮೊದಲ ಸಲ ನೀರಿಗಿಳಿದ ದಿನ. ಆ ದಿನ ಯಾರ ಕೈಲಿತ್ತು ಎಂದು ನಾವು ಕೇಳುವುದಿಲ್ಲ.

ಶರತ್ ಹುಟ್ಟಿದ್ದು 1991ರಲ್ಲಿ. ತರಬೇತುದಾರ ಜಾನ್ ಕ್ರಿಸ್ಟೋಫರ್ ಅವರ ಕಣ್ಣಿಗೆ ಬಿದ್ದ ಮೇಲೆ ಶಾಲೆಯ ಈಜು ಸ್ಪರ್ಧೆಯ ಈಜಾಯಿತು. ಬೆಂಗಳೂರಿಗೆ ಆ ಹೊತ್ತಿಗಾಗಲೇ ಈಜಿನ ರಾಜಧಾನಿ ಎಂಬ ಹೆಸರಿತ್ತು. ಅಲ್ಲಿಂದ ಹೋದ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದ್ದರು. ಕೊಳಗಳಿದ್ದವು, ಕಲಿಸುವವರಿದ್ದರು, ಬೆಳಗಿನ ಐದು ಗಂಟೆಗೆ ಮಕ್ಕಳನ್ನು ಕರೆತರುವ ಪಾಲಕರ ಪಡೆಯೇ ಇತ್ತು. ಒಂದು ಕೈ ಪೂರ್ತಿಯಿಲ್ಲದ ಹುಡುಗನೂ ಆ ಸಾಲಿನಲ್ಲಿ ಸೇರಿಕೊಳ್ಳಲು ಸಾಧ್ಯವಾದದ್ದು ಸಾಲೊಂದು ಮೊದಲೇ ಇದ್ದುದರಿಂದ.

ಒಂದು ಕಡೆ ಪೂರ್ತಿ ಕೈ, ಇನ್ನೊಂದು ಕಡೆ ಅರೆಕೈ ಇಟ್ಟುಕೊಂಡು ಈಜುವುದೆಂದರೇನು? ಇದನ್ನು ತಿಳಿಯಲು ಆನೆಗೊಂದಿಯ ಹರಿಗೋಲನ್ನು ನೋಡಬೇಕು. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ ಹೊಸಬ ಹುಟ್ಟನ್ನು ಒಂದೇ ಬದಿಗೆ ಎಳೆಯುತ್ತಾನೆ, ಹರಿಗೋಲು ಗಿರಗಿರನೆ ತಿರುಗುತ್ತದೆ, ಮುಂದೆ ಹೋಗುವುದಿಲ್ಲ. ಅನುಭವಿ ಅಂಬಿಗ ಹುಟ್ಟನ್ನು ಮುಂದೆ ಚಾಚಿ, ಆ ಕಡೆ ಈ ಕಡೆ ಹೊರಳಿಸುತ್ತ ತನ್ನತ್ತ ಎಳೆದುಕೊಳ್ಳುತ್ತಾನೆ. ಹರಿಗೋಲು ನೆಟ್ಟಗೆ ಸಾಗುತ್ತದೆ. ಈಜುಗಾರನ ಕಷ್ಟವೂ ಇದೇ ಜಾತಿಯದು. ಬಲಗೈ ಹೆಚ್ಚು ನೀರು ಹಿಡಿಯುತ್ತದೆ, ಎಡಗೈ ಕಡಿಮೆ ಹಿಡಿಯುತ್ತದೆ, ದೇಹ ಒಂದು ಬದಿಗೆ ವಾಲಲು ನೋಡುತ್ತದೆ. ಪ್ರತಿ ಬೀಸಿಗೂ ಕಾಲಿನ ಒದೆತದಿಂದ, ಸೊಂಟದ ಬಿಗಿಯಿಂದ, ತಲೆಯ ನಿಲುವಿನಿಂದ ಆ ವಾಲುವಿಕೆಯನ್ನು ತಿದ್ದುತ್ತಿರಬೇಕು. ನೂರು ಮೀಟರಿನಲ್ಲಿ ಎಷ್ಟು ಬೀಸೋ ಅಷ್ಟು ತಿದ್ದುಪಡಿ. ಎರಡೂ ಕೈ ಒಟ್ಟಿಗೆ ನೀರಿನ ಮೇಲೆ ಹಾರಬೇಕಾದ ಬಟರ್‌ಫ್ಲೈನಲ್ಲಿ ಇದು ಇನ್ನೂ ಕಠಿಣ. ಅದೇ ಬಟರ್‌ಫ್ಲೈನಲ್ಲೂ ಶರತ್ ಪದಕ ಗೆದ್ದರು.

ಪ್ಯಾರಾ ಈಜಿನಲ್ಲಿ ಯಾರು ಯಾರೊಡನೆ ಸ್ಪರ್ಧಿಸಬೇಕೆಂಬುದಕ್ಕೆ ಒಂದು ಲೆಕ್ಕಾಚಾರವಿದೆ. ಅದು ಗೊತ್ತಿಲ್ಲದೆ ಫಲಿತಾಂಶದ ಪಟ್ಟಿ ಓದಿದರೆ ತಲೆಬುಡ ತಿಳಿಯುವುದಿಲ್ಲ. ದೈಹಿಕ ನ್ಯೂನತೆ ಇರುವವರಿಗೆ 1ರಿಂದ 10ರವರೆಗಿನ ವರ್ಗಗಳು. ಒಂದು ಎಂದರೆ ಚಲನೆಗೆ ಅತಿ ಹೆಚ್ಚು ಅಡ್ಡಿ, ಹತ್ತು ಎಂದರೆ ಅತಿ ಕಡಿಮೆ. 11ರಿಂದ 13 ದೃಷ್ಟಿದೋಷದವರಿಗೆ, 14 ಬೌದ್ಧಿಕ ನ್ಯೂನತೆಯವರಿಗೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರಕ್ಕೂ ‘ಎಸ್’ ಎಂಬ ಅಕ್ಷರ, ಬ್ರೆಸ್ಟ್‌ಸ್ಟ್ರೋಕಿಗೆ ‘ಎಸ್‌ಬಿ’, ನಾಲ್ಕೂ ಶೈಲಿ ಸೇರಿದ ಮೆಡ್ಲೆಗೆ ‘ಎಸ್‌ಎಂ’. ಬ್ರೆಸ್ಟ್‌ಸ್ಟ್ರೋಕನ್ನು ಬೇರೆ ಇಟ್ಟಿರುವುದಕ್ಕೆ ಕಾರಣವಿದೆ. ಅದರಲ್ಲಿ ಕಾಲಿನ ಪಾಲು ಹೆಚ್ಚು. ಹೀಗಾಗಿ ಕೈ ಇಲ್ಲದವರಿಗೂ ಕಾಲು ಇಲ್ಲದವರಿಗೂ ಅದು ಒಂದೇ ಶೈಲಿ ಅಲ್ಲ. ವರ್ಗ ನಿರ್ಧರಿಸುವವರು ಮೇಜಿನ ಮೇಲೆ ಮಲಗಿಸಿ ಸ್ನಾಯು, ಕೀಲು ಪರೀಕ್ಷಿಸುತ್ತಾರೆ, ಆಮೇಲೆ ನೀರಿಗಿಳಿಸಿ ನೋಡುತ್ತಾರೆ. ಶರತ್ ಎಂಟನೇ ವರ್ಗದವರು. ರಿಲೇಗೆ ಇನ್ನೂ ಚಂದದ ನಿಯಮವಿದೆ: ನಾಲ್ವರ ವರ್ಗಸಂಖ್ಯೆ ಕೂಡಿದರೆ 34ನ್ನು ಮೀರಬಾರದು. ತಂಡ ಕಟ್ಟುವವರು ಕಿರಾಣಿ ಅಂಗಡಿಯವರಂತೆ ಕೂಡಿ ಕಳೆದು ಆಳುಗಳನ್ನು ಹೊಂದಿಸಬೇಕು.

ಶರತ್ ಅವರ ಅಂತಾರಾಷ್ಟ್ರೀಯ ಹೆಸರು ಗಟ್ಟಿಯಾದದ್ದು 2010ರ ಡಿಸೆಂಬರಿನಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ ನಡೆದ ಮೊದಲ ಏಷ್ಯನ್ ಪ್ಯಾರಾ ಗೇಮ್ಸಿನಲ್ಲಿ. ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕಿನಲ್ಲಿ ಕಂಚು. ಆ ವರ್ಷವೇ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಂಗಾಳದ ಪ್ರಶಾಂತ ಕರ್ಮಾಕರ್ ಪ್ಯಾರಾ ಈಜಿನಲ್ಲಿ ಕಂಚು ಗೆದ್ದಿದ್ದರು. ಕಾಮನ್‌ವೆಲ್ತ್ ಈಜಿನಲ್ಲಿ ಭಾರತಕ್ಕೆ ಬಂದ ಮೊಟ್ಟಮೊದಲ ಪದಕ ಅದು. ಮೊದಲನೆಯದು ಎಂದರೆ, ಎರಡೂ ಕೈ ಎರಡೂ ಕಾಲು ಸರಿಯಿದ್ದವರನ್ನೂ ಸೇರಿಸಿಯೇ ಮೊದಲನೆಯದು.

2012ರ ಲಂಡನ್ನಿಗೆ ಭಾರತದಿಂದ ಹೋದವರು ಹತ್ತು ಮಂದಿ. ಈಜಿಗೆ ಶರತ್ ಒಬ್ಬರೇ. ಪದಕ ಬರಲಿಲ್ಲ. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಒಂದೇ ಪದಕ, ಅದನ್ನು ತಂದವರೂ ಕನ್ನಡಿಗರೇ: ಹೈಜಂಪಿನಲ್ಲಿ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಶರತ್ ಬಗ್ಗೆ ಆಗ ಎಲ್ಲೆಡೆ ಬಂದ ಸಾಲು, ‘ಪ್ಯಾರಾಲಿಂಪಿಕ್ಸಿಗೆ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ.’ ಈ ಸಾಲನ್ನು ಸ್ವಲ್ಪ ನಿಂತು ಓದಬೇಕು. ಯಾಕೆಂದರೆ ಪ್ಯಾರಾಲಿಂಪಿಕ್ಸಿನ ಕೊಳದಲ್ಲಿ ಅದಕ್ಕೂ ನಲವತ್ತು ವರ್ಷ ಮೊದಲೇ ಒಬ್ಬ ಭಾರತೀಯ ಈಜಿದ್ದ, ಬರೀ ಈಜಿದ್ದಲ್ಲ, ಚಿನ್ನ ಗೆದ್ದಿದ್ದ.

ಆತನ ಹೆಸರು ಮುರಳಿಕಾಂತ ಪೇಟ್ಕರ್. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಅಂಟಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರು. ಸೈನ್ಯ ಸೇರಿ ಬಾಕ್ಸಿಂಗ್ ಮಾಡುತ್ತಿದ್ದ ತರುಣ. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕವು, ಅವುಗಳಲ್ಲೊಂದು ಬೆನ್ನುಮೂಳೆಯಲ್ಲಿ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮುಂಬೈನ ನೌಕಾಪಡೆಯ ಆಸ್ಪತ್ರೆ ‘ಅಶ್ವಿನಿ’ಯಲ್ಲಿ ಚಿಕಿತ್ಸೆಯ ಭಾಗವಾಗಿ ಅವರನ್ನು ನೀರಿಗಿಳಿಸಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದರು, ಆಗಿನ ವಿಶ್ವದಾಖಲೆ. ಒಲಿಂಪಿಕ್ಸ್ ಆಗಲಿ ಪ್ಯಾರಾಲಿಂಪಿಕ್ಸ್ ಆಗಲಿ, ಭಾರತೀಯನೊಬ್ಬ ವೈಯಕ್ತಿಕ ಸ್ಪರ್ಧೆಯಲ್ಲಿ ಗೆದ್ದ ಮೊದಲ ಚಿನ್ನ ಅದು. ಅಭಿನವ್ ಬಿಂದ್ರಾ ಬರುವುದಕ್ಕೆ ಇನ್ನೂ 36 ವರ್ಷ ಇತ್ತು. ಆ ವರ್ಷದ ಒಲಿಂಪಿಕ್ಸ್ ನಡೆದದ್ದು ಮ್ಯೂನಿಕ್ಕಿನಲ್ಲಿ. ಅಲ್ಲಿನ ಕ್ರೀಡಾಗ್ರಾಮದ ಮನೆಗಳನ್ನು ಕೂಟ ಮುಗಿದ ಮೇಲೆ ಬೇರೆ ಉಪಯೋಗಕ್ಕೆ ಬಿಟ್ಟುಕೊಡಬೇಕಿತ್ತು ಎಂಬ ಕಾರಣಕ್ಕೆ ಗಾಲಿಕುರ್ಚಿಯವರ ಕೂಟ ಹೈಡೆಲ್‌ಬರ್ಗಿಗೆ ಹೋಯಿತು.

ಅದಾದ ಮೇಲೆ ಪೇಟ್ಕರ್ ಹೆಸರನ್ನು ದೇಶ ಮರೆತೇಬಿಟ್ಟಿತು. ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷ ಕಳೆದ ಮೇಲೆ. 2024ರಲ್ಲಿ ಅವರ ಬದುಕನ್ನು ಆಧರಿಸಿದ ಹಿಂದಿ ಸಿನಿಮಾ ‘ಚಂದು ಚಾಂಪಿಯನ್’ ಬಂತು. ಕಾಲೇಜು ಹುಡುಗರಿಗೆ ಅವರು ಯಾರೆಂದು ಗೊತ್ತಾದದ್ದು ಆವಾಗ. ಶರತ್ ‘ಮೊದಲಿಗ’ ಎಂಬುದು ಸುಳ್ಳಲ್ಲ. ಪೇಟ್ಕರ್ ಕಾಲದಲ್ಲಿ ಇಂದಿನಂತೆ ಇಂತಿಷ್ಟು ಸೆಕೆಂಡಿನೊಳಗೆ ಈಜಿದರೆ ಮಾತ್ರ ಪ್ರವೇಶ ಎಂಬ ಕಟ್ಟುನಿಟ್ಟಿನ ಪದ್ಧತಿ ಇರಲಿಲ್ಲ. ಆ ಅರ್ಥದಲ್ಲಿ ಅರ್ಹತೆಯ ಮಾತು ಸರಿ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವುದು ‘ಮೊದಲ ಈಜುಗಾರ’ ಎಂಬುದಷ್ಟೇ. ಹೀಗಾಗಿ ಪ್ರತಿ ಹತ್ತು ವರ್ಷಕ್ಕೊಮ್ಮೆ ನಮ್ಮಲ್ಲಿ ಒಬ್ಬ ‘ಮೊದಲಿಗ’ ಹುಟ್ಟುತ್ತಾನೆ. ಹಿಂದೆ ಯಾರೂ ಇರಲಿಲ್ಲ ಎಂದಾದರೆ ಪವಾಡ ಎನ್ನಬಹುದು, ಪರಂಪರೆ ಎನ್ನಬೇಕಾಗುವುದಿಲ್ಲ. ಪರಂಪರೆ ಎಂದರೆ ಖರ್ಚಿದೆ: ಕೊಳ ಕಟ್ಟಬೇಕು, ತರಬೇತುದಾರರನ್ನು ನೇಮಿಸಬೇಕು.

ಯುದ್ಧದಲ್ಲಿ ಬೆನ್ನುಮೂಳೆ ಮುರಿದವರನ್ನು ಆಟಕ್ಕೆ ತಂದ ಆಲೋಚನೆ ಪೇಟ್ಕರ್‌ಗಿಂತ ಹಳೆಯದು. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗ ವಹಿಸಿಕೊಂಡರು. ಬೆನ್ನುಹುರಿ ತುಂಡಾದ ಸೈನಿಕರನ್ನು ಆಗ ಹಾಸಿಗೆಯಲ್ಲಿ ಮಲಗಿಸಿ ಸಾವಿಗೆ ಕಾಯುವುದೇ ಚಿಕಿತ್ಸೆಯಾಗಿತ್ತು. ಗುಟ್‌ಮನ್ ಅವರನ್ನು ಎಬ್ಬಿಸಿ ಆಡಲು ಹಚ್ಚಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನಲ್ಲಿ ಗಾಲಿಕುರ್ಚಿಯ ಹದಿನಾರು ಮಂದಿ ಬಿಲ್ಲು ಹಿಡಿದರು. 1960ರಲ್ಲಿ ಅದು ರೋಮಿಗೆ ಹೋಯಿತು, 23 ದೇಶಗಳ 400 ಮಂದಿ, ಈಜೂ ಸೇರಿತು. ಭಾರತ ಮೊದಲು ಹೋದದ್ದು 1968ರ ಟೆಲ್ ಅವೀವ್‌ಗೆ.

ಈ ಈಜುಗಾರರ ದೇಹಕ್ಕೆ ಏನಾಯಿತು ಎಂದು ಒಂದೊಂದಾಗಿ ಬರೆದುಕೊಂಡರೆ ಅದೇ ಒಂದು ಇತಿಹಾಸವಾಗುತ್ತದೆ. ಪೇಟ್ಕರ್ ಅವರದು ಯುದ್ಧ. ಅವರ ನಂತರದ ಪೀಳಿಗೆಯ ಕ್ರೀಡಾಪಟುಗಳಲ್ಲಿ ಎಷ್ಟೋ ಜನರದು ಪೋಲಿಯೊ. ಬೆಂಗಳೂರಿನ ಮಾಲತಿ ಹೊಳ್ಳ ಅವರು ಎಳೆಯ ವಯಸ್ಸಿನ ಜ್ವರದಲ್ಲಿ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತು ಅಥ್ಲೆಟಿಕ್ಸಿನಲ್ಲಿ ದೇಶವನ್ನು ಪ್ರತಿನಿಧಿಸಿದರು. ನಮ್ಮ ಬಾವಿಯ ಹುಡುಗನೂ ಅದೇ ಪೀಳಿಗೆಯವನು. 1995ರಲ್ಲಿ ಪಲ್ಸ್ ಪೋಲಿಯೊ ಬಂತು, 2011ರ ಜನವರಿಯಲ್ಲಿ ದೇಶದ ಕೊನೆಯ ಪ್ರಕರಣ ಹೌರಾದಲ್ಲಿ ಕಂಡಿತು, 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಬಗೆಯ ಕಾಲು ಇನ್ನು ನಮ್ಮ ಶಾಲೆಗಳಲ್ಲಿ ಕಾಣುವುದಿಲ್ಲ. ಆ ಜಾಗಕ್ಕೆ ಬಂದದ್ದು ಕರೆಂಟು.

ಸೊಲ್ಲಾಪುರ ಜಿಲ್ಲೆಯ ಸುಯಶ್ ಜಾಧವ್ ಹುಡುಗನಾಗಿದ್ದಾಗ ಆಡುತ್ತ ಹಿಡಿದ ಕಬ್ಬಿಣದ ಸರಳು ವಿದ್ಯುತ್ ತಂತಿಗೆ ತಗುಲಿ ಎರಡೂ ಮುಂಗೈ ಹೋದವು. ಅಪ್ಪ ಸ್ವತಃ ಈಜುಗಾರ. ಮಗನಿಗೆ ನೀರು ಹೊಸದಾಗಿರಲಿಲ್ಲ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸಿನಲ್ಲಿ 50 ಮೀಟರ್ ಬಟರ್‌ಫ್ಲೈನಲ್ಲಿ ಚಿನ್ನ ಗೆದ್ದರು. ಕೋಲಾರದ ಕೆ.ಎಸ್. ವಿಶ್ವಾಸ್ ಹತ್ತರ ವಯಸ್ಸಿನಲ್ಲಿ ವಿದ್ಯುತ್ ತಂತಿಯ ಮೇಲೆ ಬಿದ್ದರು. ಉಳಿಸಲು ಬಂದ ತಂದೆ ತೀರಿಕೊಂಡರು, ಮಗ ಎರಡೂ ತೋಳು ಕಳೆದುಕೊಂಡು ಉಳಿದ. ಆ ಹುಡುಗ ಬೆಳೆದು 2016ರಲ್ಲಿ ಕೆನಡಾದ ಪ್ಯಾರಾ ಈಜು ಕೂಟದಲ್ಲಿ ಮೂರು ಪದಕ ಗೆದ್ದ. ತೋಳಿಲ್ಲದವರು ಈಜುವುದು ಹೇಗೆ ಎಂದು ಕೇಳುವವರಿದ್ದಾರೆ. ಸೊಂಟದಿಂದ ಕೆಳಗೆ ಇಡೀ ದೇಹವನ್ನು ಮೀನಿನಂತೆ ಅಲೆ ಮಾಡುತ್ತಾರೆ. ಬ್ಯಾಕ್‌ಸ್ಟ್ರೋಕ್ ಶುರುಮಾಡುವಾಗ ಹಿಡಿಕೆ ಹಿಡಿಯಲು ಕೈ ಇಲ್ಲದ್ದರಿಂದ ಕೆಲವರು ಬಟ್ಟೆಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಗುರಿ ಮುಟ್ಟುವಾಗ ಗೋಡೆಗೆ ತಲೆಯೇ ತಗುಲಬೇಕು. ವೇಗ ತಗ್ಗಿಸಿದರೆ ಸೋಲು, ತಗ್ಗಿಸದಿದ್ದರೆ ತಲೆಗೆ ಪೆಟ್ಟು.

ನಮ್ಮ ತಾಲೂಕುಗಳಲ್ಲಿ ಹೊಲದ ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಡುತ್ತಾರೆ. ಕತ್ತಲಲ್ಲಿ ಜೋತುಬಿದ್ದ ತಂತಿ, ಒದ್ದೆ ಕೈ. ಕೈ ಕಳೆದುಕೊಂಡವರನ್ನು ಹುಡುಕಿಕೊಂಡು ಸೊಲ್ಲಾಪುರಕ್ಕೋ ಕೋಲಾರಕ್ಕೋ ಹೋಗಬೇಕಿಲ್ಲ. ಅವರಲ್ಲಿ ಯಾರೂ ಈಜುಗಾರರಾಗಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಹುಟ್ಟಿನಿಂದಲೇ ಬಂದವರು. ಶರತ್ ಅವರ ನಂತರ ಬೆಂಗಳೂರಿನಿಂದಲೇ ಬಂದ ನಿರಂಜನ್ ಮುಕುಂದನ್ ಇದಕ್ಕೆ ದೊಡ್ಡ ಉದಾಹರಣೆ. ಹುಟ್ಟುವಾಗಲೇ ಬೆನ್ನುಹುರಿಯ ತೊಂದರೆ, ತಿರುಚಿದ ಪಾದ, ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಕಾಲಿಗೆ ಬಲ ಬರಲಿ ಎಂದು ವೈದ್ಯರು ನೀರಿಗೆ ಹಾಕಿಸಿದರು. ಇವರಿಗೂ ಕಲಿಸಿದವರು ಜಾನ್ ಕ್ರಿಸ್ಟೋಫರ್. 2015ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು, ಆಮೇಲೆ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಈಜಿದರು. ಒಂದೇ ಊರು, ಒಬ್ಬರೇ ಗುರು, ಇಬ್ಬರು ಅಂತಾರಾಷ್ಟ್ರೀಯ ಈಜುಗಾರರು. ಪರಂಪರೆ ಎಂದೆನಲ್ಲ, ಅದು ಹೀಗೆ ಶುರುವಾಗುತ್ತದೆ.

ಶರತ್ ಕಥೆಯಲ್ಲಿ ಎತ್ತರದ ಘಟ್ಟ 2014ರ ಅಕ್ಟೋಬರ್, ದಕ್ಷಿಣ ಕೊರಿಯಾದ ಇಂಚಿಯಾನ್. ಒಂದೇ ಏಷ್ಯನ್ ಪ್ಯಾರಾ ಗೇಮ್ಸಿನಲ್ಲಿ ಆರು ಪದಕ. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್, ಬ್ಯಾಕ್‌ಸ್ಟ್ರೋಕ್, ಫ್ರೀಸ್ಟೈಲ್ ಮತ್ತು ನಾನು ಹೇಳಿದ ಆ 34 ಅಂಕದ ಮೆಡ್ಲೆ ರಿಲೇಯಲ್ಲಿ ಕಂಚು. ಈಜಿನಲ್ಲಿ ಇರುವುದೇ ನಾಲ್ಕು ಶೈಲಿ, ನಾಲ್ಕರಲ್ಲೂ ಪದಕ. ಭಾರತಕ್ಕೆ ಅಲ್ಲಿ ಬಂದ ಒಟ್ಟು ಪದಕ 33. ಅದರಲ್ಲಿ ಆರಕ್ಕೆ ಈ ಒಬ್ಬರ ಕೈ ತಗುಲಿತ್ತು. ಆರು ದಿನ ಬೆಳಿಗ್ಗೆ ಸಂಜೆ ನೀರಿಗಿಳಿದು, ಒಂದು ಸ್ಪರ್ಧೆಯ ದಣಿವು ಆರುವ ಮೊದಲೇ ಇನ್ನೊಂದಕ್ಕೆ ಮೈ ಒಡ್ಡುವುದು ಏನೆಂದು ಈಜಿದವರಿಗೆ ಗೊತ್ತು.

ಪತ್ರಿಕೆಗಳು ಕೂಡಲೇ ‘ಪಿ.ಟಿ. ಉಷಾ ದಾಖಲೆ ಮುರಿದ ಶರತ್’ ಎಂದು ಬರೆದವು. 1986ರ ಸೋಲ್ ಏಷ್ಯನ್ ಗೇಮ್ಸಿನಲ್ಲಿ ಉಷಾ ನಾಲ್ಕು ಚಿನ್ನ ಒಂದು ಬೆಳ್ಳಿ, ಒಟ್ಟು ಐದು ಗೆದ್ದಿದ್ದರು. ಐದಕ್ಕಿಂತ ಆರು ದೊಡ್ಡದು, ನಿಜ. ಆದರೆ ಈ ಹೋಲಿಕೆ ನನಗೆ ಹಿಡಿಸಲಿಲ್ಲ. ಆ ಕೂಟ ಬೇರೆ, ಈ ಕೂಟ ಬೇರೆ, ಓಟ ಬೇರೆ, ಈಜು ಬೇರೆ. ಹೀಗೆ ಹೋಲಿಸುವುದರಲ್ಲಿ ಉಷಾ ಅವರ ಚಿನ್ನದ ತೂಕವೂ ಕಾಣುವುದಿಲ್ಲ, ಶರತ್ ಅವರ ನಾಲ್ಕು ಶೈಲಿಯ ಹಿಡಿತವೂ ಕಾಣುವುದಿಲ್ಲ. ಪ್ಯಾರಾ ಕ್ರೀಡಾಪಟುವಿನ ಗೆಲುವು ಗೆಲುವಾಗಬೇಕಾದರೆ ಪಕ್ಕದಲ್ಲಿ ‘ನಾರ್ಮಲ್’ ಕ್ರೀಡಾಪಟುವೊಬ್ಬರನ್ನು ನಿಲ್ಲಿಸಲೇಬೇಕೆಂಬ ಚಟ ನಮ್ಮದು. 2015ರಲ್ಲಿ ಶರತ್‌ಗೆ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷದ ಪಟ್ಟಿಯಲ್ಲಿ ರೋಹಿತ್ ಶರ್ಮಾ ಹೆಸರೂ ಇತ್ತು. ಎರಡರಲ್ಲಿ ಯಾವ ಹೆಸರು ನಿಮ್ಮ ಮನೆಯಲ್ಲಿ ಗೊತ್ತಿತ್ತು ಎಂದು ಕೇಳಿ ನೋಡಿ. ಅದೇ ವರ್ಷ ಗಾಜಿಯಾಬಾದಿನಲ್ಲಿ ನಡೆದ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ಕ್ರೀಡಾಪಟುಗಳು ನೆಲದ ಮೇಲೆ ಮಲಗಿದ, ಸರಿಯಾದ ಶೌಚಾಲಯವಿಲ್ಲದ ಸುದ್ದಿಗಳು ಬಂದು, ಅಂತಾರಾಷ್ಟ್ರೀಯ ಸಮಿತಿ ಭಾರತದ ಸಮಿತಿಯನ್ನು ಅಮಾನತಿನಲ್ಲಿಟ್ಟಿತು.

ಹೆಸರುಗಳಂತೂ ಬೇಗ ಬದಲಾಗುತ್ತವೆ. ನಾನು ಚಿಕ್ಕವನಿದ್ದಾಗ ಊರಲ್ಲಿ ಕರೆಯುತ್ತಿದ್ದ ಪದಗಳನ್ನು ಇಲ್ಲಿ ಬರೆಯಲು ಮನಸ್ಸು ಬರುವುದಿಲ್ಲ. ಆಮೇಲೆ ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. 1995ರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. 2016ರ ಕಾಯ್ದೆ 21ಕ್ಕೆ ಏರಿಸಿತು. ಅದರ 30ನೇ ಕಲಂ ಕ್ರೀಡೆಗೇ ಮೀಸಲು: ಕ್ರೀಡಾ ಸೌಲಭ್ಯಗಳು ಇವರಿಗೂ ಒದಗುವಂತೆ ಮಾಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಕೆಲವು ವರ್ಷದ ಹಿಂದೆ, ಒಂದು ಕಾಲು ಚಿಕ್ಕದಾಗಿರುವ ನನ್ನ ತಂಗಿಯ ಮಗಳನ್ನು ಒಂದು ಪಟ್ಟಣದ ಈಜುಕೊಳಕ್ಕೆ ಸೇರಿಸಲು ಹೋಗಿದ್ದೆ. ಟಿಕೆಟ್ ಕೊಡುವವ ಮಗುವಿನ ಕಾಲು ನೋಡಿದ, ನನ್ನನ್ನು ನೋಡಿದ. ‘ಸರ, ಹೆಚ್ಚುಕಡಿಮಿ ಆದ್ರ ಯಾರು ಜವಾಬ್ದಾರಿ? ಸಣ್ಣ ಕೊಳದಾಗ ಕಾಲು ಇಳಿಬಿಟ್ಟು ಕೂತ್ಕೊಳ್ಳಿ’ ಎಂದ. ಕೆಟ್ಟ ಮನುಷ್ಯನಲ್ಲ. ನಲವತ್ತು ವರ್ಷದ ಹಿಂದೆ ನಾವು ಬಾವಿದಂಡೆಯಲ್ಲಿ ಹೇಳಿದ ಮಾತನ್ನೇ ಅವನೂ ಹೇಳಿದ, ಅಷ್ಟೇ ಪ್ರೀತಿಯಿಂದ. ಕಲಂ 30ರ ವಿಷಯ ತೆಗೆಯೋಣವೆಂದುಕೊಂಡೆ, ಮಗು ಆಗಲೇ ಚಪ್ಪಲಿ ಬಿಚ್ಚಿ ಸಣ್ಣ ಕೊಳದ ಅಂಚಿಗೆ ಹೋಗಿತ್ತು.

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಇದ್ದದ್ದು ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನೀರಿನ ಲೆಕ್ಕದಲ್ಲಿ ಇವು ಒಂದೇ ಜಿಲ್ಲೆಯಲ್ಲ. ಗಂಗಾವತಿಗೆ ಹೊಳೆ, ಕಾಲುವೆ, ಭತ್ತದ ಗದ್ದೆ. ಕೊಪ್ಪಳಕ್ಕೆ ಅಣೆಕಟ್ಟಿನ ಹಿನ್ನೀರು. ಕುಷ್ಟಗಿ ಯಲಬುರ್ಗಾಗಳಿಗೆ ಮಳೆ ಬಂದರೆ ಹಳ್ಳ, ಇಲ್ಲದಿದ್ದರೆ ಕೊಳವೆಬಾವಿ. ಆ ಕೊಳವೆಬಾವಿಯ ಆಳದ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೀಲು ಬಿಗಿಯುತ್ತದೆ, ಮೂಳೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಬೇರೆಡೆ ವೈದ್ಯರು ತಿರುಚಿದ ಕಾಲಿಗೆ ನೀರನ್ನು ಮದ್ದಾಗಿ ಬರೆದುಕೊಡುತ್ತಾರೆ. ನಮ್ಮಲ್ಲಿ ನೀರೇ ಕಾಲು ತಿರುಚುತ್ತಿತ್ತು. ಕೃಷ್ಣೆಯ ನೀರನ್ನು ಕೊಳವೆಯಲ್ಲಿ ತರುವ ಯೋಜನೆಗಳು ಬಂದ ಮೇಲೆ ಪರಿಸ್ಥಿತಿ ಸುಧಾರಿಸುತ್ತಿದೆ, ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ.

ಈಸುವ ಬಾವಿಗಳೂ ಹೋದವು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗೆ ನೀರು ಹತ್ತಲಿಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ, 1112ರ ಆ ಮಹಾದೇವ ದೇವಾಲಯದ ಬಳಿ ಪುಷ್ಕರಣಿ ನೋಡಿದ್ದೀರಲ್ಲ? ಎಂಥ ಚೆಂದದ ಮೆಟ್ಟಿಲುಗಳು! ನಾನು ಹೋದಾಗಲೆಲ್ಲ ಬೇಡದ ಪ್ರಶ್ನೆಯೊಂದು ಬರುತ್ತದೆ: ಒಂದು ಕಾಲು ಸಣ್ಣಗಿರುವವನು ಇಲ್ಲಿ ನೀರು ಮುಟ್ಟುವುದು ಹೇಗೆ? ಒಂಬೈನೂರು ವರ್ಷದ ಹಿಂದಿನವರನ್ನು ಈ ಪ್ರಶ್ನೆ ಕೇಳುವುದು ಅನ್ಯಾಯ ಎಂದು ಗೊತ್ತು. ಮೊನ್ನೆ ಮೊನ್ನೆ ಕಟ್ಟಿದ ಕೊಳದವರನ್ನು ಕೇಳಬಹುದು.

ಕಳೆದ ಜಾತ್ರೆಗೆ ಊರಿಗೆ ಹೋಗಿದ್ದೆ. ನಮ್ಮ ಬಾವಿಯಿದ್ದ ಜಾಗದಲ್ಲಿ ಈಗ ಜಾಲಿಕಂಟಿ. ಬಟ್ಟೆ ಕಾಯುತ್ತಿದ್ದ ಗೆಳೆಯ ಬಸ್‌ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿದ್ದಾನೆ, ಕನ್ನಡಕ ಬಂದಿದೆ, ಮೊಮ್ಮಗಳು ತೊಡೆಯ ಮೇಲಿದ್ದಳು. ಚಹಾ ಕುಡಿಯುತ್ತ ಮೊಬೈಲಿನಲ್ಲಿ ಪ್ಯಾರಾ ಈಜಿನ ಒಂದು ರೇಸ್ ತೋರಿಸಿದೆ. ಶರತ್, ನಿರಂಜನ್, ಸುಯಶ್ ಬಗ್ಗೆ ಹೇಳಿದೆ. ಅವನು ಹೆಚ್ಚು ಮಾತಾಡಲಿಲ್ಲ. ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ ಬೀಸುಗಳನ್ನು ಎಣಿಸಿದ. ‘ಆ ಕಡೀಲಿಂದ ಎರಡನೇದವ ಹೊಳ್ಳೂ ಹೊತ್ತಿಗೆ ಉಸಿರು ಬಿಟ್ಟ, ಅದಕ್ಕ ಹಿಂದ ಬಿದ್ದ’ ಎಂದು ತೀರ್ಪು ಕೊಟ್ಟ. ಮತ್ತೊಮ್ಮೆ ಹಾಕಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಆಮೇಲೆ ಮೊಬೈಲ್ ಮರಳಿಸುತ್ತ ಕೇಳಿದ: ‘ಇವ್ರ ಬಟ್ಟಿ ಯಾರು ಕಾಯ್ತಾರ?’

ಪ್ರತಿಯೊಬ್ಬರ ಹಿಂದೆ ಒಂದು ಬುಟ್ಟಿ ಇಟ್ಟಿರುತ್ತಾರೆ, ಅದರಲ್ಲಿ ಹಾಕಿ ನೀರಿಗಿಳಿಯುತ್ತಾರೆ ಎಂದೆ. ‘ಹಂಗನು’ ಎಂದು ಮೊಮ್ಮಗಳನ್ನು ಇಳಿಸಿ, ಬಂದ ಗಿರಾಕಿಗೆ ಬೀಡಿ ಕಟ್ಟು ಕೊಡಲು ಎದ್ದ.